ಕಂಬಳಿಯೊಳಗಿನ ಐತಪ್ಪಣ್ಣ

ನಾನು ಮೊದಲ ಸಲ ಕಂಡಾಗ ಐತಪ್ಪಣ್ಣನವರಿಗೆ ತಲೆ ಇರಲಿಲ್ಲ. ಪುಂಜಾಲಕಟ್ಟೆ ಪೇಟೆ ದಾಟಿದ ಮೇಲೆ ರಸ್ತೆಬದಿಯ ತಗಡಿನ ಶೆಡ್ಡೊಂದರ ಮುಂದೆ, ನಿಂತಲ್ಲೇ ಎಂಜಿನ್ ಓಡುತ್ತಿದ್ದ ಮೋಟಾರ್ ಸೈಕಲಿನ ಮೇಲೆ ಕಪ್ಪು ಕಂಬಳಿ ಬಿದ್ದುಕೊಂಡಿತ್ತು. ಕಂಬಳಿಯ ಒಂದು ಕಡೆಯಿಂದ ಹಿಂದಿನ ಚಕ್ರ ಹೊರಗೆ ಬಂದಿತ್ತು, ಇನ್ನೊಂದು ಕಡೆಯಿಂದ ಎರಡು ಒಣಕಲು ಕಾಲುಗಳು. ಬೆಳಗಿನ ಹನ್ನೊಂದು ಗಂಟೆ. ಹಾಲಿನ ಕ್ಯಾನು ಹಿಡಿದು ಹೋಗುತ್ತಿದ್ದವರೊಬ್ಬರು ಕಂಬಳಿಯನ್ನು ತುಳುವಿನಲ್ಲಿ, "ಐತಪ್ಪಣ್ಣ, ಚಾಯ ಆಂಡಾ?" ಎಂದು ಚಹಾದ ಬಗ್ಗೆ ವಿಚಾರಿಸಿದರು. ಕಂಬಳಿ, "ಆಂಡ್", ಆಯಿತು, ಎಂದಿತು. ಅವರು ಸಮಾಧಾನದಿಂದ ಮುಂದೆ ಹೋದರು.

ಇದರ ಹಿಂದೆ ವಿಜ್ಞಾನ ಇತ್ತು. ಹಳೆಯ ಗಾಡಿಗಳಲ್ಲಿ ಕರೆಂಟು ಹುಟ್ಟುವ ಕಾಯಿಲಿನಿಂದ ಕಿಡಿ ಹೊತ್ತಿಸುವ ಪ್ಲಗ್ಗಿಗೆ ಹೋಗುವ ದಪ್ಪ ವಯರು ಇರುತ್ತದಲ್ಲ, ಅದರ ರಬ್ಬರು ವಯಸ್ಸಾದಂತೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಮಳೆಗಾಲದ ತೇವಕ್ಕೆ ಕರೆಂಟು ಪ್ಲಗ್ಗಿನವರೆಗೆ ಹೋಗುವ ಕಷ್ಟ ತೆಗೆದುಕೊಳ್ಳದೆ ಬಿರುಕಿನಿಂದಲೇ ಎಂಜಿನ್ನಿನ ಮೈಗೆ ಹಾರಿಬಿಡುತ್ತದೆ. ಗಾಡಿ ಕೆಮ್ಮುತ್ತದೆ, ಏರಿನಲ್ಲಿ ಕೈಕೊಡುತ್ತದೆ. ಹಾರುವ ಆ ನೀಲಿ ಕಿಡಿ ಹಗಲಿನಲ್ಲಿ ಕಾಣುವುದಿಲ್ಲ. ಕತ್ತಲಾಗುವವರೆಗೆ ಕಾಯುವ ತಾಳ್ಮೆ ಗಾಡಿಯವರಿಗೆ ಇರುವುದಿಲ್ಲ. ಹಾಗಾಗಿ ಐತಪ್ಪಣ್ಣ ತಮಗೆ ಬೇಕಾದಷ್ಟು ಕತ್ತಲೆಯನ್ನು ಕಂಬಳಿ ಹೊದ್ದು ತಾವೇ ಮಾಡಿಕೊಳ್ಳುತ್ತಿದ್ದರು. ಮುಚ್ಚಳಕ್ಕೆ ತೂತು ಕೊರೆದ ಬಾಟಲಿಯಿಂದ ವಯರಿನ ಮೇಲೆ ನೀರು ಚಿಮುಕಿಸಿ, ಕಿಡಿ ಎಲ್ಲೆಲ್ಲಿ ಹಾರುತ್ತದೆ ಎಂದು ಒಳಗಿನಿಂದಲೇ ಕೂಗಿ ಹೇಳುತ್ತಿದ್ದರು: "ಎಡದಲ್ಲಿ ಎರಡು ಕಡೆ ಉಂಟು. ಬಲದಲ್ಲಿ ಒಂದು."

ನಾನು ಅದೇ ಪೇಟೆಯ ಹೈಸ್ಕೂಲಿನ ವಿಜ್ಞಾನ ಮಾಷ್ಟ್ರು. ವಿದ್ಯುತ್ತಿನ ಪಾಠವನ್ನು ಇಪ್ಪತ್ತು ವರ್ಷಗಳಿಂದ ಒಂದೇ ಚಿತ್ರ ಬರೆದು ಕಲಿಸುತ್ತಿದ್ದೇನೆ. ರಬ್ಬರು ಅವಾಹಕ ಎಂದು ಸಾವಿರ ಮಕ್ಕಳಿಂದ ಬಾಯಿಪಾಠ ಹೇಳಿಸಿದ್ದೇನೆ. ಅದೇ ರಬ್ಬರು ಮುದಿಯಾದರೆ ಮಾತಿಗೆ ತಪ್ಪುತ್ತದೆ ಎಂದು ನನಗೆ ಗೊತ್ತಾದದ್ದು ಆ ಶೆಡ್ಡಿನಲ್ಲಿ. ನನ್ನ ಗಾಡಿ ನನಗಿಂತ ನಾಲ್ಕು ವರ್ಷ ಹಿರಿಯದು. ಎರಡು ಸಿಲಿಂಡರು, ಎರಡು ಸೈಲೆನ್ಸರು, ಎರಡು ಕಾಯಿಲು, ಎರಡು ವಯರು. ನಲವತ್ತು ದಾಟಿದ ಗಂಡಸರಿಗೆ ಬರುವ ಕಾಯಿಲೆಗಳಲ್ಲಿ ಇದೂ ಒಂದು ಎಂದು ನನ್ನ ಹೆಂಡತಿ ಸುಮತಿ ನೆರೆಕರೆಯವರಿಗೆ ಹೇಳುತ್ತಿದ್ದಳು. ಬಿಪಿಗಿಂತ ಇದು ವಾಸಿ, ಕಡೇಪಕ್ಷ ತೊಳೆದು ಇಡಬಹುದು ಎಂದೂ ಸೇರಿಸುತ್ತಿದ್ದಳು.

ಐತಪ್ಪಣ್ಣ ಊರಿಗೆಲ್ಲ ತುಳು ಮಾತಾಡಿದರೂ ನನ್ನೊಡನೆ ಮಾತ್ರ ಕನ್ನಡ. ನನಗೆ ತುಳು ಬರುತ್ತದೆಂದು ಎಷ್ಟು ಸಲ ಹೇಳಿದರೂ ಕೇಳಲಿಲ್ಲ. ಮಾಷ್ಟ್ರ ಎದುರು ಶಾಲೆಯ ಭಾಷೆ ಎಂಬುದು ಅವರ ನಿಯಮ. ಐದನೇ ಕ್ಲಾಸಿಗೆ ಬಿಟ್ಟ ಕನ್ನಡವನ್ನು ನನಗಾಗಿ ಅಟ್ಟದಿಂದ ಇಳಿಸಿದಂತೆ ಇಳಿಸಿ, ಒಂದೊಂದೇ ಪದ ಒರೆಸಿ, ನಿಧಾನಕ್ಕೆ ಆಡುತ್ತಿದ್ದರು. "ಸಮಸ್ಯೆ ಎಂಥದ್ದು ಅಂತ ಪರಿಶೀಲಿಸುವ ಮಾಷ್ಟ್ರೇ." ಗಾಡಿ ಬಂದ ಕೂಡಲೇ ಸ್ಪ್ಯಾನರು ಎತ್ತುವವರಲ್ಲ. ಮೊದಲು ಒಂದೇ ಪ್ರಶ್ನೆ: "ಇದನ್ನು ಬೇರೆ ಯಾರಾದ್ರೂ ಬಿಚ್ಚಿದ್ದುಂಟಾ?" ಎಲ್ಲರೂ ಇಲ್ಲ ಎನ್ನುತ್ತಿದ್ದರು. ಆಗ ಅವರು ಎಂಜಿನ್ನಿನ ಕಡೆಗೆ ಬಗ್ಗಿ, ಯಾರಿಗೂ ಅಲ್ಲ ಎಂಬಂತೆ ಹೇಳುವ ಮಾತು ಇದು: "ಗಾಡಿ ಸುಳ್ಳು ಹೇಳುದಿಲ್ಲ. ಗಾಡಿಯವರು ಹೇಳ್ತಾರೆ."

ಆ ಮಾತು ನನಗೆ ಅನ್ವಯಿಸುವುದಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ.

ಒಂದು ವರ್ಷ ಮೊಬೈಲಿನಲ್ಲಿ ವಿಡಿಯೋ ನೋಡಿ ನನಗೂ ಉಮೇದು ಬಂತು. ವಯರು ಬದಲಿಸುವುದು ಏನು ಮಹಾ? ಕಾಯಿಲಿನಿಂದ ಹಳತನ್ನು ಎಳೆಯುವುದು, ಹೊಸತನ್ನು ಅದೇ ಅಳತೆಗೆ ಕತ್ತರಿಸಿ ಸಿಕ್ಕಿಸುವುದು. ಒಂದೇ ಎಚ್ಚರಿಕೆ, ಎಡದ ಕಾಯಿಲಿನ ವಯರು ಎಡದ ಪ್ಲಗ್ಗಿಗೆ, ಬಲದ್ದು ಬಲಕ್ಕೆ. ನನ್ನ ಗಾಡಿಯಲ್ಲಿ ಟ್ಯಾಂಕಿನ ಅಡಿಯಲ್ಲಿ ಕಾಯಿಲುಗಳು ಒಂದರ ಹಿಂದೆ ಒಂದು ಇರುವುದರಿಂದ ಯಾವುದು ಯಾವ ಕಡೆಯದೆಂದು ನೋಡಿದರೆ ತಿಳಿಯುವುದಿಲ್ಲ. ಅದಕ್ಕೂ ಐತಪ್ಪಣ್ಣ ದಾರಿ ಮಾಡಿಟ್ಟಿದ್ದರು: ಬಲದ ಕಾಯಿಲಿಗೂ ಬಲದ ಪ್ಲಗ್ಗಿನ ಟೋಪಿಗೂ ಕೆಂಪು ಪೈಂಟಿನ ಒಂದೊಂದು ಬೊಟ್ಟು. ಹಾಗಾಗಿ ಒಂದು ಶನಿವಾರ ತರಗತಿ ಮುಗಿದ ಮೇಲೆ ಶಾಲೆಯ ಅಂಗಳದ ಮೂಲೆಯಲ್ಲಿ ಅಂಗಿಯ ತೋಳು ಮಡಚಿ ಕುಳಿತೆ. ಎರಡೂ ವಯರು ಎಳೆದು ಹಾಕಿದ ಮೇಲೆ ನೋಡುತ್ತೇನೆ, ಎರಡೂ ಕಾಯಿಲಿಗೆ ಬೊಟ್ಟು ಉಂಟು. ಎರಡೂ ಟೋಪಿಗೆ ಉಂಟು. ಟೂಲ್ ಬಾಕ್ಸಿಗೂ ಉಂಟು. ವಾರದ ಹಿಂದಷ್ಟೇ ಆಯುಧಪೂಜೆ ಕಳೆದಿತ್ತು. ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಟ್ಯಾಂಕು ಎತ್ತಿ ಒಳಗಿನವರೆಗೆ ಭಕ್ತಿಯಿಂದ ಹಚ್ಚಿದವನು ನಾನೇ. ಒಣಗಿದ ಮೇಲೆ ದೇವರ ಬೊಟ್ಟು ಯಾವುದು, ಐತಪ್ಪಣ್ಣನ ಬೊಟ್ಟು ಯಾವುದು ಎಂದು ಹೇಳುವಂತಿರಲಿಲ್ಲ.

ಕಣ್ಣಂದಾಜಿನಲ್ಲಿ ಸಿಕ್ಕಿಸಿದೆ. ಮೊದಲ ಕಿಕ್ಕಿಗೆ ಗಾಡಿ ಸುಮ್ಮನಿತ್ತು. ಮೂರನೆಯ ಕಿಕ್ಕಿಗೆ ಸೈಲೆನ್ಸರಿನಿಂದ ಗರ್ನಾಲು ಸಿಡಿದಂತಹ ಸದ್ದು ಬಂತು. ಮಾವಿನ ಮರದ ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ವಾಲಿಬಾಲ್ ಆಡುತ್ತಿದ್ದ ಹತ್ತನೇ ಕ್ಲಾಸಿನವರು ಆಟ ನಿಲ್ಲಿಸಿ ಚಪ್ಪಾಳೆ ತಟ್ಟಿದರು. ಗಾಡಿಯನ್ನು ಶೆಡ್ಡಿನವರೆಗೆ ನೂಕಿಕೊಂಡು ಹೋದೆ. ಐತಪ್ಪಣ್ಣ ಎಂದಿನ ಪ್ರಶ್ನೆ ಕೇಳಿದರು. "ಯಾರೂ ಮುಟ್ಟಿಲ್ಲ, ತಾನಾಗಿ ನಿಂತಿತು" ಎಂದೆ. ನನ್ನ ಕೈ ಮೊಣಕೈವರೆಗೆ ಕಪ್ಪಾಗಿತ್ತು.

ಅವರು ಟ್ಯಾಂಕು ಎತ್ತಿ ನೋಡಿದರು. ಹೊಳೆಯುವ ಎರಡು ಹೊಸ ವಯರುಗಳು ಅದಲುಬದಲಾಗಿ ಕೂತಿದ್ದವು.

"ಹೌದು ಮಾಷ್ಟ್ರೇ," ಎಂದರು ಗಂಭೀರವಾಗಿ. "ವಯರುಗಳಿಗೂ ಒಂದೇ ಕಡೆ ಕೂತು ಬೇಸರ ಬರ್ತದೆ. ನೀವು ಪಾಠ ಮಾಡ್ತಾ ಇರುವಾಗ ಜಾಗ ಬದಲಿಸಿದ್ದಾವೆ. ಹೊಸ ಅಂಗಿ ಕೂಡ ಹಾಕಿಕೊಂಡಿದ್ದಾವೆ ನೋಡಿ!"

ಮತ್ತೆ ಆ ವಿಷಯ ಎತ್ತಲಿಲ್ಲ. ಬೊಟ್ಟನ್ನು ಮಾತ್ರ ಒರೆಸಿ ಮತ್ತೆ ಹಾಕಿದರು.

ನನ್ನ ನಿಜವಾದ ತಪ್ಪು ನಡೆದದ್ದು ಎರಡು ಮಳೆಗಾಲಗಳ ಹಿಂದೆ. ಗಾಡಿ ಮತ್ತೆ ಕೆಮ್ಮತೊಡಗಿತ್ತು. ನಾನು ಆನ್‌ಲೈನಿನಲ್ಲಿ ತರಿಸಿದ್ದ ಆ ಹೊಳೆಯುವ ವಯರುಗಳು ನಾಲ್ಕು ವರ್ಷವೂ ಬಾಳಲಿಲ್ಲ. ಐತಪ್ಪಣ್ಣನ ಬಳಿ ಹಳೆಯ ಕಾಲದ ಗಟ್ಟಿ ತಾಮ್ರದ ವಯರು ಒಂದು ತುಂಡು ಉಳಿದಿತ್ತು, ಒಂದೇ ಬದಿಗೆ ಸಾಲುವಷ್ಟು. ಅದನ್ನು ಯಾವ ಬದಿಗೆ ಹಾಕುವುದೆಂದು ನೋಡಲು ಕಂಬಳಿ ಹೊದ್ದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನನ್ನೂ ಕರೆದರು. "ಒಳಗೆ ಬನ್ನಿ ಮಾಷ್ಟ್ರೇ. ನೀವೂ ನೋಡಿ."

ನನಗೆ ಬಿರುದು ಸಿಕ್ಕಿದಷ್ಟು ಹೆಮ್ಮೆಯಾಯಿತು. ನುಗ್ಗಿದೆ. ಒಳಗೆ ಪೆಟ್ರೋಲು, ಉಣ್ಣೆ, ಬೀಡಿ ಮೂರೂ ಸೇರಿದ ವಾಸನೆ. ಬಿಸಿ ಎಂಜಿನ್ನಿನ ಮೇಲೆ ನೀರು ಬಿದ್ದು ಹಬೆ ಎದ್ದು ನನ್ನ ಕನ್ನಡಕಕ್ಕೆ ಕೂತಿತು. ನನಗೆ ಏನೂ ಕಾಣಲಿಲ್ಲ.

"ಎಷ್ಟು ಕಡೆ ಉಂಟು?" ಎಂದು ಪಕ್ಕದಿಂದ ಕೇಳಿದರು.

ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲ ಎಂದು ಮಾಷ್ಟ್ರು ಹೇಳುವುದುಂಟೆ? "ಒಂದು ಕಡೆ. ಎಡದಲ್ಲಿ," ಎಂದೆ.

"ಬಲದಲ್ಲಿ ಇಲ್ಲ ಅಲ್ವಾ?"

"ಇಲ್ಲ," ಎಂದೆ ಖಡಾಖಂಡಿತವಾಗಿ.

ಅವರು ಆ ಒಳ್ಳೆಯ ವಯರನ್ನು ಎಡಕ್ಕೆ ಹಾಕಿದರು.

ಮರುದಿನ ಮೂಡುಬಿದಿರೆಯಲ್ಲಿ ಸುಮತಿಯ ಅಣ್ಣನ ಮಗಳ ನಿಶ್ಚಿತಾರ್ಥ. ನಮ್ಮ ಮನೆಯಿರುವ ನರಿಕೊಂಬಿನಿಂದ ಹೊರಟು ಸಿದ್ಧಕಟ್ಟೆ ದಾಟಿ ಒಂದು ಏರು ಹತ್ತುವಾಗ ಬಲದ ಸಿಲಿಂಡರು ಸತ್ತಿತು. ಜಡಿಮಳೆ. ಸುಮತಿ ರೇಷ್ಮೆ ಸೀರೆಯ ಮೇಲೆ ರೈನ್‌ಕೋಟು ಹಾಕಿಕೊಂಡು ಹಿಂದಿನಿಂದ ಗಾಡಿ ನೂಕಿದಳು. "ಎಂಥ ಸಾವು ಮಾರಾಯ್ರೆ ಇದು! ಬಸ್ಸಿನಲ್ಲಿ ಹೋಗುವ ಅಂತ ಹೇಳಿರ್ಲಿಲ್ವಾ ನಾನು?" ನಾವು ತಲುಪುವಾಗ ಉಂಗುರ ಹಾಕಿ ಆಗಿತ್ತು, ಪಾಯಸ ಖಾಲಿಯಾಗಿತ್ತು. ಅಲ್ಲಿ ಇಡೀ ಬಂಧುಬಳಗದ ಎದುರು ನನ್ನ ಗಾಡಿಯ ಕಥೆ ಪಾಯಸದ ಬದಲಿಗೆ ಬಡಿಸಲ್ಪಟ್ಟಿತು.

ಸೋಮವಾರ ನಾನು ಶೆಡ್ಡಿಗೆ ಹೋದದ್ದು ಆ ಸಿಟ್ಟಿನಲ್ಲಿ. ಐದಾರು ಜನ ಗಿರಾಕಿಗಳು ನಿಂತಿದ್ದರು. ಎಲ್ಲರ ಎದುರು ಕೂಗಿದೆ: "ಬಲದ ವಯರು ಪೂರಾ ಹೋಗಿತ್ತಲ್ಲ ಐತಪ್ಪಣ್ಣ, ನಿಮಗೆ ಕಣ್ಣು ಕಾಣುದಿಲ್ವಾ?"

ಅವರು ಬಟ್ಟೆಯಲ್ಲಿ ಕೈ ಒರೆಸಿಕೊಂಡರು. ಅಟ್ಟದಿಂದ ಇಳಿಸಿದ ಅದೇ ಕನ್ನಡದಲ್ಲಿ ಹೇಳಿದರು: "ಹೌದು ಮಾಷ್ಟ್ರೇ. ಕಾಣುದಿಲ್ಲ. ದೊಡ್ಡದೆಲ್ಲ ಕಾಣ್ತದೆ, ಕಿಡಿ ಕಾಣುದಿಲ್ಲ. ಒಂದು ವರ್ಷ ಆಯ್ತು. ಪೊರೆ ಅಲ್ಲಂತೆ, ನರ ಅಂತೆ."

ಆಮೇಲೆ ಬಗ್ಗಿ ಬಲದ ವಯರನ್ನು ಬೆರಳಿನಿಂದ ತಡವಿದರು. ಒಂದು ಕಡೆ ಬೆರಳು ನಿಂತಿತು. ಉಗುರು ಆ ಬಿರುಕಿನೊಳಗೆ ಹೋಯಿತು. ತಲೆ ಎತ್ತಿ ನನ್ನ ಕಡೆ ಮುಖ ಮಾಡಿದರು. ಸದ್ಯಕ್ಕೆಂದು ಟೇಪು ಸುತ್ತಿ ಕೊಟ್ಟರು.

'ನನಗೂ ಕಂಡಿರಲಿಲ್ಲ' ಎಂದು ನಾನು ಹೇಳಬೇಕಾಗಿದ್ದದ್ದು ಆಗ. ಎರಡೇ ಪದ. ನಾನು ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಂಡೆ.

ಸುದ್ದಿ ಹರಿಯಲು ವಯರು ಬೇಕಾಗಿಲ್ಲ. ಐತಪ್ಪಣ್ಣನಿಗೆ ಕಣ್ಣು ಕಾಣುವುದಿಲ್ಲ, ಮಾಷ್ಟ್ರ ಹೆಂಡತಿಯನ್ನು ಗುಡ್ಡೆಯಲ್ಲಿ ಬೀಳಿಸಿದರಂತೆ ಎಂಬಲ್ಲಿಯವರೆಗೆ ಕಥೆ ಬೆಳೆಯಿತು. ಕಣ್ಣಿಲ್ಲದವರ ಕೈಗೆ ಬ್ರೇಕು ಕೊಡುವುದು ಹೇಗೆ ಎಂದು ಜನ ಬೇರೆ ಕಡೆ ಹೋದರು. ದೀಪಾವಳಿಗೆ ಮೊದಲೇ ಶೆಡ್ಡಿಗೆ ಬೀಗ ಬಿತ್ತು. ಅವರು ಬೆಳ್ತಂಗಡಿಯಲ್ಲಿರುವ ಮಗಳು ಭಾರತಿಯ ಮನೆಗೆ ಹೋದರು. ಅವರ ಕಣ್ಣು ಇನ್ನೂ ಒಂದೆರಡು ವರ್ಷ ಗುಟ್ಟಾಗಿ ಇರಬಹುದಿತ್ತು, ಅವರ ಬೆರಳುಗಳಿಗೆ ಅಷ್ಟು ಶಕ್ತಿ ಇತ್ತು. ಗುಟ್ಟು ಒಡೆದವನು ನಾನು, ಅದೂ ನನ್ನದೇ ಸುಳ್ಳಿನ ಬಲದಿಂದ. ಈ ಮಾತು ಬರೆಯುವಾಗಲೂ ನಾಚಿಕೆಯಾಗುತ್ತದೆ.

ತಪ್ಪೊಪ್ಪಿಕೊಳ್ಳಲು ಮೂರು ಸಲ ಬೆಳ್ತಂಗಡಿಗೆ ಹೋದೆ. ಮೂರೂ ಸಲ ಹೋಟೆಲಿನಲ್ಲಿ ಬನ್ಸ್ ತಿಂದು ವಾಪಸು ಬಂದೆ. ನಾಲ್ಕನೆಯ ಸಲ ಎರಡು ಹೊಸ ವಯರು ನೆಪಕ್ಕೆ ಹಿಡಿದುಕೊಂಡು ಮನೆಯವರೆಗೆ ಮುಟ್ಟಿದೆ. ಐತಪ್ಪಣ್ಣ ಜಗಲಿಯಲ್ಲಿ ಕೂತಿದ್ದರು. ಗಾಡಿ ಗೇಟಿನ ಹತ್ತಿರ ಇರುವಾಗಲೇ ಅದರ ಸದ್ದು ಕೇಳಿ, "ಬನ್ನಿ ಮಾಷ್ಟ್ರೇ. ಬಲಬದಿ ಒಂಚೂರು ತಡ ಉಂಟಲ್ಲ," ಎಂದರು. ಭಾರತಿ ನೀರು ಬೆಲ್ಲ ತಂದಿಟ್ಟಳು.

"ವಯರು ತಂದಿದ್ದೇನೆ. ನೀವು..." ಎಂದೆ.

"ನಾನಲ್ಲ. ನೀವು ಹಾಕಿ. ನಾನು ಕೂತು ಪರಿಶೀಲಿಸ್ತೇನೆ."

ಅಂಗಳದಲ್ಲಿ ಕೂತು ಹಾಕಿದೆ. ಕತ್ತರಿಸುವ ಸದ್ದಿಗೇ ಅವರಿಗೆ ತಪ್ಪು ತಿಳಿಯುತ್ತಿತ್ತು. "ತುದಿ ಓರೆ ಮಾಡಬೇಡಿ, ನೇರ ಕತ್ತರಿಸಿ. ಟೋಪಿಯ ಸ್ಕ್ರೂ ತಂತಿಯ ಮಧ್ಯಕ್ಕೇ ಹೋಗ್ಬೇಕು, ರಬ್ಬರಿಗೆ ಹೋದ್ರೆ ಸುಖ ಇಲ್ಲ. ಬೊಟ್ಟು ನೋಡಿದ್ರಾ? ದೇವರದ್ದಲ್ಲ, ನನ್ನದು." ಗಾಡಿ ಎರಡನೆಯ ಕಿಕ್ಕಿಗೆ ಹೊರಟಿತು. ಅವರು ಭಾರತಿಯಿಂದ ಕಂಬಳಿ ತರಿಸಿ ನನ್ನ ತಲೆಯ ಮೇಲೆ ತಾವೇ ಹಾಕಿದರು. ನೀರು ಚಿಮುಕಿಸಿದೆ. ಹಬೆ ಎದ್ದಿತು. ಹೊರಗಿನಿಂದ ಅದೇ ಪ್ರಶ್ನೆ ಬಂತು.

"ಎಷ್ಟು ಕಡೆ ಉಂಟು?"

ಕಂಬಳಿಯೊಳಗೆ ಮುಖ ತೋರಿಸುವ ಕಷ್ಟ ಇಲ್ಲ. "ನನಗೆ ಏನೂ ಕಾಣುದಿಲ್ಲ ಐತಪ್ಪಣ್ಣ," ಎಂದೆ. "ಕನ್ನಡಕಕ್ಕೆ ಹಬೆ ಕೂತಿದೆ. ಆ ದಿನವೂ ಕೂತಿತ್ತು. ಆ ದಿನವೂ ನನಗೆ ಏನೂ ಕಂಡಿರಲಿಲ್ಲ."



"ಗೊತ್ತುಂಟು," ಎಂದರು. "ಉಗುರು ಹೋಗುವಷ್ಟು ಬಿರುಕು ಇತ್ತಲ್ಲ ಮಾಷ್ಟ್ರೇ. ಅಷ್ಟು ದೊಡ್ಡ ಕಿಡಿ ನೋಡಿದವನಿಗೆ ಕಾಣದೆ ಇರ್ತದಾ?"

"ಮತ್ತೆ ಆವಾಗ ಯಾಕೆ ಹೇಳ್ಲಿಲ್ಲ?"

"ಅಷ್ಟು ಜನ ಇದ್ರಲ್ಲ. ಅದ್ರಲ್ಲಿ ಇಬ್ಬರು ನಿಮ್ಮ ಶಾಲೆಯಲ್ಲಿ ಕಲಿತವರು."

ನಾನು ಕಂಬಳಿಯಿಂದ ಹೊರಗೆ ಬರಲಿಲ್ಲ. ಬರುವ ಸ್ಥಿತಿಯಲ್ಲಿ ಇರಲಿಲ್ಲ. ಅವರೇ ಹೊರಗಿನಿಂದ ಹೇಳಿದರು, "ಕನ್ನಡಕ ತೆಗೆದು ಒರೆಸಿ. ಹಾಂ, ಈಗ ನೋಡಿ." ಒರೆಸಿ, ಕಣ್ಣನ್ನೂ ಒರೆಸಿ ನೋಡಿದೆ. ಪೂರಾ ಕತ್ತಲೆ. ಎಲ್ಲಿಯೂ ಕಿಡಿ ಇರಲಿಲ್ಲ. ಇಲ್ಲ ಎಂದೆ. "ಹಾಗಾದ್ರೆ ಒಳ್ಳೆದಾಗಿ ಹಾಕಿದ್ದೀರಿ," ಎಂದರು. ಹೊರಡುವಾಗ ಕಂಬಳಿಯನ್ನು ಮಡಚಿ ನನ್ನ ಸೀಟಿನ ಹಿಂದೆ ಕಟ್ಟಿಸಿದರು. ತಮಗೆ ಇನ್ನು ಕತ್ತಲೆ ಮಾಡಿಕೊಳ್ಳುವ ಅಗತ್ಯ ಇಲ್ಲವಲ್ಲ ಎಂದು ನಕ್ಕರು. ನನಗೆ ನಗಲಾಗಲಿಲ್ಲ.

ಅದೇ ಕೊನೆಯ ಭೇಟಿ. ಮುಂದಿನ ಮಳೆಗಾಲ ಹಿಡಿಯುವ ಮೊದಲೇ ಭಾರತಿ ಫೋನು ಮಾಡಿ ವಿಷಯ ತಿಳಿಸಿದಳು. ಈಗ ನಾನು ಆಯುಧಪೂಜೆಗೆ ಟ್ಯಾಂಕಿನ ಒಳಗೆ ಕುಂಕುಮ ಹಚ್ಚುವುದಿಲ್ಲ. ಅಲ್ಲಿರುವುದು ಒಬ್ಬರದೇ ಬೊಟ್ಟು.

ಮೊನ್ನೆ ಗಾಡಿ ಮತ್ತೆ ಸಣ್ಣಗೆ ಕೆಮ್ಮಿತು. ನಮ್ಮ ಅಂಗಳದಲ್ಲಿ ಕಂಬಳಿ ಹೊದ್ದು ಎಂಜಿನ್ನಿಗೆ ಮುಖ ಕೊಟ್ಟು ಕೂತಿದ್ದೆ. ನನಗೂ ಐವತ್ತು ದಾಟಿದೆ, ಕನ್ನಡಕದ ನಂಬರು ಏರಿದೆ. ಬಟ್ಟೆ ಒಣಗಲು ಹಾಕುತ್ತಿದ್ದ ಸುಮತಿ ತಮಾಷೆಗೆ ಕೇಳಿದಳು, "ಎಂಥದು, ಎಷ್ಟು ಕಡೆ ಉಂಟಂತೆ?"

ನಾನು ಕಂಬಳಿಯ ಅಂಚು ಎತ್ತಿದೆ.

"ನನಗೆ ಕಾಣುದಿಲ್ಲ ಮಾರಾಯ್ತಿ. ಬಾ, ಒಳಗೆ ಬಂದು ನೀನು ನೋಡಿ ಹೇಳು."