ಮಧ್ಯಾಹ್ನ ಒಂದರ ಅಂಕಿ

ಬಳಸಿ ಮಿಕ್ಕ ಸೌರವಿದ್ಯುತ್ತಿನಿಂದ ಹೈಡ್ರೋಜನ್ ತಯಾರಿಸಿ ಕೂಡಿಡುವುದು ನನ್ನ ಪಿಎಚ್‌.ಡಿ. ವಿಷಯ. ಸಿರುಗುಪ್ಪದ ಒಂದು ರೈಸ್ ಮಿಲ್ಲಿನ ಚಾವಣಿಯ ಮೇಲೆ ಸೋಲಾರ್ ಹಾಕಿದ್ದರು. ಅಲ್ಲಿನ ಹಿರಿಯ ಗುಮಾಸ್ತರು ನನಗಾಗಿ ಒಂದು ವರ್ಷ ಗಂಟೆಗೊಮ್ಮೆ ಮೀಟರ್ ನೋಡಿ ಬರೆದಿಟ್ಟಿದ್ದರು. ಪ್ರಬಂಧ ಸಲ್ಲಿಸಲು ಒಂದು ವಾರವಿದ್ದಾಗ, ಮಧ್ಯಾಹ್ನ ಒಂದು ಗಂಟೆಯ ಅಂಕಿಗಳು ಮೋಡದ ದಿನವೂ ಇಳಿಯದೇ ಇದ್ದದ್ದು ಕಣ್ಣಿಗೆ ಬಿತ್ತು. ಹೋಗಿ ಕೇಳಿದೆ.

“ಆ ಹೊತ್ತಿಗೆ ಊಟಕ್ಕ ಮನಿಗೆ ಹೋಗ್ತಿದ್ನಿರಿ ಸರ್. ಖಾಲಿ ಬಿಟ್ರ ನಿಮಗ ತೊಂದ್ರಿ ಆಗ್ತೈತಿ ಅಂತ ಅಂದಾಜಿನ್ಯಾಗ ಬರದೀನಿ,” ಎಂದರು. ನನಗೆ ಉಪಕಾರ ಮಾಡಿದೆನೆಂದೇ ಅವರು ನಂಬಿದ್ದರು.

ಬಳ್ಳಾರಿಗೆ ಮರಳುವ ಬಸ್ಸಿನಲ್ಲಿ ಆ ಅಂಕಿಗಳನ್ನೇ ಮತ್ತೆ ಮತ್ತೆ ನೋಡಿದೆ. ವಿದ್ಯುತ್ ಹೆಚ್ಚು ಮಿಗುವುದೇ ಆ ಹೊತ್ತಿನಲ್ಲಿ. ಹೇಳಿದರೆ ಇನ್ನೊಂದು ವರ್ಷ ಹೋಗುತ್ತದೆ, ಶಿಷ್ಯವೇತನ ಆಗಲೇ ನಿಂತಿತ್ತು. ಹೇಳದಿದ್ದರೆ ಆ ಸುಳ್ಳಿನ ಮೇಲೆಯೇ ಪದವಿ. ಕುರುಗೋಡಿನಲ್ಲಿ ಬಸ್ ನಿಂತಾಗ ಇಳಿದು, ಮಾರ್ಗದರ್ಶಕರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿಬಿಟ್ಟೆ.

“ಹಂಗಾದ್ರ ಮೊದಲಿಂದ ಸುರು ಮಾಡಪ್ಪ,” ಎಂದರು ಅವರು.

ಈಗ ಹಗಲೆಲ್ಲ ಆ ಮೀಟರಿನ ಮುಂದೆ ನಾನೇ ಕೂರುತ್ತೇನೆ. ನನ್ನ ಜೊತೆ ಸೇರಿದವರು ಪದವಿ ಪಡೆದು ಕೆಲಸಕ್ಕೂ ಸೇರಿದ್ದಾರೆ. ನನಗೆ ಇನ್ನೂ ಏಳು ತಿಂಗಳು ಬಾಕಿ ಇದೆ.