ತಿನ್ನಿ ಸಾರ್, ತಿನ್ನಿ
ನಮ್ಮ ಬೀದಿಯ ದರ್ಜಿ ಚದುರಂಗದ ಮುಂದೆ ಕೂತನೆಂದರೆ, ಎರಡನೆಯ ನಡೆಗೇ ರಾಜನ ಮಗ್ಗುಲು ಕಾಯುವ ಸಿಪಾಯಿಯನ್ನು ಎದುರಾಳಿಯ ಬಾಯಿಗೆ ನೂಕಿ, “ತಿನ್ನಿ ಸಾರ್, ತಿನ್ನಿ, ಸಂಕೋಚ ಬೇಡ” ಎನ್ನುತ್ತಾನೆ. ಮುಂದಿನ ಲಾಭಕ್ಕೆ ಕಾಯಿ ಬಲಿಕೊಡುವ ಇದನ್ನು ಪುಸ್ತಕ ಓದಿದವರು ಗ್ಯಾಂಬಿಟ್ ಎನ್ನುತ್ತಾರಂತೆ. ಆತನ ಲೆಕ್ಕದಲ್ಲಿ ಅದು ಊಟಕ್ಕೆ ಕರೆಯುವುದು. ಕಾಯಿ ಹೊಡೆಯುವುದು ಎಂಬ ಮಾತೇ ಆತನ ಬಾಯಲ್ಲಿಲ್ಲ, ಎಲ್ಲವೂ ತಿನ್ನುವುದೇ. ಗಿರಾಕಿಗೆ ಒಂದು ಚೂರು ಬಟ್ಟೆ ಹಿಂದಕ್ಕೆ ಕೊಡದ ಮಹಾಶಯ ಹಲಗೆಯ ಮುಂದೆ ಮಾತ್ರ ದಾನಶೂರ. ಸಿಪಾಯಿ ಹೋಯಿತು, ಹಿಂದೆಯೇ ಕುದುರೆ ಹೋಯಿತು, “ಅಯ್ಯೋ, ಆನೆ ಒಂದನ್ನ ಯಾಕೆ ಬಿಟ್ರಿ?” ಎಂದು ಅದನ್ನೂ ಬಡಿಸುತ್ತಾನೆ. ದಿನವೂ ಎದುರಿಗೆ ಕೂರುವ ಪೋಸ್ಟ್ ಮಾಸ್ತರರು ಹೊಟ್ಟೆ ತುಂಬ ತಿಂದು ಮೀಸೆ ಸವರುವ ಹೊತ್ತಿಗೆ ಅವರ ರಾಜ ಗುಂಡಿ ಕಿತ್ತ ಅಂಗಿಯಲ್ಲಿ ನಡುಬೀದಿಗೆ ಬಂದಿರುತ್ತಾನೆ. “ಅಜೀರ್ಣ ಆಯ್ತಾ ಸಾರ್?” ಎಂದು ಕೇಳಿ ದರ್ಜಿ ಮತ್ತೆ ಹೊಲಿಗೆ ಯಂತ್ರ ತುಳಿಯತೊಡಗುತ್ತಾನೆ. ಈ ವರಸೆಗೆ ಬೀಳದವಳು ಒಬ್ಬಳೇ, ಆತನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ ಅಕ್ಕ. ರಜೆಯ ದಿನ ಅವಳೆದುರಿಗೂ ಸಿಪಾಯಿಯನ್ನು ನೂಕಿ, “ತಿನ್ನಕ್ಕಾ” ಎನ್ನುತ್ತಾನೆ. ಅವಳು ಕನ್ನಡಕ ಸರಿಮಾಡಿಕೊಂಡು, “ನಂಗೆ ಹಸಿವಿಲ್ಲ ಕಣೋ” ಎಂದು ಬೇರೆಯೇ ಕಾಯಿ ನಡೆಸುತ್ತಾಳೆ. ಅಷ್ಟಕ್ಕೇ ದರ್ಜಿಯ ಆಟ ಕೈತಪ್ಪುತ್ತದೆ. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ, ಒಬ್ಬರಿಗಾಗುವಷ್ಟೇ ಇದ್ದ ತಟ್ಟೆಯನ್ನು ತಮ್ಮನತ್ತ ನೂಕಿ ಅವಳು ದಿನವೂ ಹೇಳುತ್ತಿದ್ದ ಮಾತು ಅದೇ. ಆಗ ಆತ ನಂಬಿ ತಿಂದುಬಿಟ್ಟಿದ್ದ.