ಕಾಲಿದ್ದ ತಿಮಿಂಗಿಲದ ದವಡೆ

ಆಲೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ ಎಂಬ ಒಂದೇ ಕಾರಣಕ್ಕೆ ಆ ಭಾನುವಾರ ಹಾನುಬಾಳಿನ ಬಸ್‌ಸ್ಟಾಪಿಗೆ ನನಗಾಗಿ ಜೀಪು ಬಂದಿತ್ತು. ಅಲ್ಲಿನ ಸಾಹುಕಾರರೊಬ್ಬರ ಕಾಫಿ ಎಸ್ಟೇಟಿನಲ್ಲಿ ಹೊಂಡ ತೋಡುವಾಗ ದೊಡ್ಡ ಮೂಳೆಗಳು ಸಿಕ್ಕಿದ್ದವು. ಅವು ಕಚ್ಚಿಸೀಟಸ್ ಎಂಬ ಪ್ರಾಚೀನ ಪ್ರಾಣಿಯವು ಎಂದು ಅವರು ಫೋನಿನಲ್ಲಿ ನಾಲ್ಕು ಸಾಲು ಓದಿ ತೀರ್ಮಾನಿಸಿದ್ದರು. ಅವರ ಹೋಂಸ್ಟೇಯ ಜಗಲಿಯಲ್ಲಿ, ಬರುವ ಪ್ರವಾಸಿಗರಿಗೆ ತೋರಿಸಲು, ಗಾಜಿನ ಪೆಟ್ಟಿಗೆಯೂ ಸಿದ್ಧವಾಗಿತ್ತು. ಬಾಕಿಯಿದ್ದದ್ದು ದೃಢೀಕರಣದ ಹಾಳೆಯ ಮೇಲೆ ನನ್ನ ಸಹಿ.

"ಕಾಲಿದ್ದ ತಿಮಿಂಗಿಲ ಕಣ್ರೀ ಮೇಷ್ಟ್ರೆ! ನಮ್ಮ ತೋಟದಲ್ಲೇ ಓಡಾಡ್ಕಂಡಿತ್ತು."

ಕಚ್ಚಿಸೀಟಸ್ ನಿಜಕ್ಕೂ ಇದ್ದ ಪ್ರಾಣಿ. ತಿಮಿಂಗಿಲಗಳ ಹಳೆಯ ಬಂಧು. ಮೋಟು ಕಾಲು, ಉದ್ದ ಬಾಲ, ಕಿರಿದಾದ ಮೂತಿ. ನೋಡಲು ನೀರುನಾಯಿಯ ಹಾಗಿದ್ದಿರಬೇಕು. ಅದು ಸಿಕ್ಕಿದ್ದು ಕಚ್ಚಿನಲ್ಲಿ, ಒಂದು ಕಾಲಕ್ಕೆ ಕಡಲಿದ್ದ ಕಡೆ. ನಮ್ಮ ಬಂಡೆಗಳೋ, ಪ್ರಾಣಿಗಳೇ ಇಲ್ಲದ ಕಾಲದವು. ಇಷ್ಟನ್ನೂ ಹೇಳಿದೆ. ಸಾಹುಕಾರರು ಕಾಫಿ ಹೀರಿದರು. ತಾವು ಕೇಳಿಸಿಕೊಳ್ಳದ ಮಾತನ್ನು ಯಾರೂ ಆಡಿಯೇ ಇಲ್ಲ ಎಂದು ನಂಬುವ ಜಾತಿಯ ಮನುಷ್ಯ.

ದವಡೆಯನ್ನು ಎತ್ತಿ ನೋಡಿದೆ. ಕಲ್ಲಾಗಿರಲಿಲ್ಲ, ಬರೀ ಮೂಳೆ. ಹಲ್ಲು ಇಟ್ಟಿಗೆಯಷ್ಟಿತ್ತು, ಮೇಲೆ ಅಡ್ಡಡ್ಡ ಏಣುಗಳು. ಆನೆಯ ಹಲ್ಲು. ಆನೆ ದಿನ ಬಿಟ್ಟು ದಿನ ಗದ್ದೆಗಿಳಿಯುವ ಊರಿನ ಮನುಷ್ಯನಿಗೆ ಇದು ತಿಳಿಯದೆ?

ಅವರು ಫೋನೆತ್ತಿಕೊಂಡು ಆಚೆ ಹೋದರು. ಅಂಗಳ ಗುಡಿಸುತ್ತಿದ್ದ, ಎಸ್ಟೇಟಿನ ಕೂಲಿ ಲೈನಿನ ಹೆಂಗಸು ಪೊರಕೆ ನಿಲ್ಲಿಸದೆ ಹೇಳಿದಳು:

"ತಿಮಿಂಗಿಲನಂತೆ, ತಿಮಿಂಗಿಲ! ಹ್ವಾದ್ ವರ್ಸದ್ ಹಿಂದಿನ್ ವರ್ಸ ಬೇಲಿ ಕರೆಂಟ್ ಹೊಡ್ದು ಸತ್ತ ಹೆಣ್ಣಾನೆ ಸಾರ್. ಯಾರಿಗೂ ಹೇಳ್ದಂಗೆ ಹೂತಾಕ್ಬುಟ್ರು. ಜೆಸಿಬಿಯೋನು ಗೊತ್ತಿಲ್ದೆ ಅಲ್ಲೇ ಅಗ್ದ. ಆಳುಗಳೆಲ್ಲ ನೋಡ್ಬುಟ್ರಲ್ಲ, ಅದಕ್ಕೇ ಈ ಕತೆ."

"ಆ ಬೇಲಿ ಈಗ?"

"ಈಗ್ಲೂ ಪಂಪ್ ಮೋಟರ್ ಲೈನಿನ ಕರೆಂಟೇ ಐತೆ. ನಾಳೆ ನಾವು ಕಾಫಿ ಹಣ್ಣು ಕುಯ್ಯೋದು ಅದರ ಮಗ್ಗುಲಲ್ಲೇ."

ಸಾಹುಕಾರರು ಮರಳಿ ಬಂದು ಪೆನ್ನು ಚಾಚಿದರು. "ಒಂದ್ ಗೀಚಿ ಮೇಷ್ಟ್ರೆ, ನಿಮ್ಮಪ್ಪನ ಮನೆ ಗಂಟೇನು ಹೋಗ್ತದೆ?"

ಪೆನ್ನು ತೆಗೆದುಕೊಂಡೆ. ಹಾಳೆಯ ಮೇಲೆ ನಿಧಾನವಾಗಿ ಬರೆದೆ: "ಇದು ಆನೆಯ ದವಡೆ. ಹಳೆಯದಲ್ಲ." ಕೆಳಗೆ ಸಹಿ ಹಾಕಿದೆ.

ಅವರು ಓದಿ, ನಾಚುವ ಬದಲು ನಕ್ಕರು. "ಆನೆ ನೋಡಕ್ಕೆ ದುಡ್ಡು ಕೊಟ್ಟು ಯಾರ್ ಬರ್ತಾರೆ ಮಾರಾಯ, ಬಿಟ್ಟಿ ಸಿಗ್ತವೆ! ನಡ್ಕಂಡ್ ಹೋಗಿ, ಜೀಪ್ ಬರಲ್ಲ."

ನಡೆದೆ. ಪಂಪ್‌ಹೌಸಿನಿಂದ ಕಪ್ಪು ವೈರೊಂದು ಇಳಿದು ಬೇಲಿಯ ತಂತಿಗೆ ಸುತ್ತಿಕೊಂಡಿತ್ತು. ದೂರದಿಂದಲೇ ಫೋಟೋ ತೆಗೆದೆ. ಗೇಟಿನಾಚೆ ನಿಂತು ಮೊದಲು ಕರೆಂಟ್ ಆಫೀಸಿಗೆ, ಆಮೇಲೆ ಅರಣ್ಯ ಇಲಾಖೆಗೆ ಫೋನು ಮಾಡಿದೆ. "ಯಾರ್ರೀ ಮಾತಾಡ್ತಿರೋದು?" ಎಂದು ಎರಡೂ ಕಡೆ ಕೇಳಿದರು. ಹೆಸರು, ಶಾಲೆ, ಎರಡನ್ನೂ ಬಿಡಿಸಿ ಹೇಳಿದೆ.

ಲೈನ್‌ಮನ್ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಅವನು ಫ್ಯೂಸು ಕಿತ್ತು, ವೈರು ಕತ್ತರಿಸಿ, ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡ ಮೇಲೆಯೇ ನಾನು ಬಸ್ಸಿನ ಕಡೆ ತಿರುಗಿದೆ.